ಕೀಳೋಕೆ ಬರೋ ಅಂಟು

ಅಪ್ಪಂಗೆ ಎಪ್ಪತ್ತು ತುಂಬ್ತಾ ಇತ್ತು, ಭೀಮರಥ ಶಾಂತಿ ಮಾಡಿಸ್ಬೇಕು ಅಂತ ಅಣ್ಣ ಛತ್ರ, ಪುರೋಹಿತರು, ಅಡುಗೆಯವರು ಅಂತ ಓಡಾಡ್ತಿದ್ದ, ನಂಗೇನೂ ಕೆಲಸ ಇರ್ಲಿಲ್ಲ, ಸುಮ್ನಿರಲಾರದೆ "ನಾನೊಂದು ಸ್ಕ್ರ್ಯಾಪ್‌ಬುಕ್ ಮಾಡ್ತೀನಿ" ಅಂದ್ಬಿಟ್ಟೆ, ಹಳೇ ಫೋಟೋಗಳನ್ನ ಅಂಟಿಸಿ ಅಲಂಕಾರ ಮಾಡೋ ಪುಸ್ತಕ ಅದು. ಅಮ್ಮ ಹುಣಸೆಹಣ್ಣು ಕಿವುಚ್ತಾ ಕಿವುಚ್ತಾನೇ "ಸ್ಕ್ರ್ಯಾಪ್ ಅಂದ್ರೆ ಗುಜರಿ ಅಲ್ವೇನೇ, ಶುಭಕಾರ್ಯದಲ್ಲಿ ಅಪ್ಪಂಗೆ ಗುಜರಿ ಕೊಡ್ತೀಯಾ" ಅಂದ್ಲು. ಅಲ್ಲಿಗೆ ಉದ್ಘಾಟನೆ ಆಯ್ತು.

ಅಂಗಡಿಗೆ ಹೋದ್ರೆ ಹನ್ನೆರಡು ಇಂಚು ಉದ್ದ ಹನ್ನೆರಡು ಇಂಚು ಅಗಲದ ಹೂವಿನ ಹಾಳೆಗಳು, ಮುತ್ತು, ಲೇಸು, ಅಂಚು ಕತ್ತರಿಸಿದ್ರೆ ಅಲೆ ಅಲೆ ಬರೋ ಕತ್ತರಿ, ಕ್ವಿಲ್ಲಿಂಗ್ ಅಂತ ಸುರುಳಿ ಸುತ್ತಿ ಹೂವು ಗೀವು ಮಾಡೋಕೆ ಶ್ಯಾವಿಗೆ ಥರ ಸೀಳಿಟ್ಟ ಕಾಗದ, ಎಲ್ಲಾ ಇದೆ, ಬೆಲೆ ನೋಡಿ ಒಂದು ಅಂಟು ಡಬ್ಬಿ ತಗೊಂಡು ಮನೆಗೆ ಬಂದೆ. ಮನೇಲಿ ಅಟ್ಟದ ಟ್ರಂಕಲ್ಲಿ ಅಮ್ಮ ನಲವತ್ತು ವರ್ಷದ ಮದುವೆ ಲಗ್ನಪತ್ರಿಕೆಗಳನ್ನೆಲ್ಲ ಜೋಪಾನ ಮಾಡಿದಾಳೆ. ಕಾಗದದ ದಪ್ಪಾನ ಜಿಎಸ್ಎಂ ಅಂತ ಹೇಳ್ತಾರೆ, ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅಷ್ಟೆ. ಜೆರಾಕ್ಸ್ ಹಾಳೆ 70, 75, ಕ್ರಾಫ್ಟ್ ಮಾಡೋರು ಕೇಳೋ ಗಟ್ಟಿ ಕಾರ್ಡು 200ರ ಮೇಲೆ. ನಮ್ಮ ಲಗ್ನಪತ್ರಿಕೆಗಳು ಆ ಪರೀಕ್ಷೇಲಿ ಫಸ್ಟ್ ಕ್ಲಾಸ್ ಪಾಸು. ಅಮ್ಮನ ಕಂಡಿಷನ್ ಒಂದೇ, ಗಣಪತಿ ಮೇಲೆ ಕತ್ತರಿ ಆಡ್ಬಾರ್ದು. ಸರಿ ಅಂತ ಗಣಪತಿಗಳನ್ನೆಲ್ಲ ಸುತ್ತ ಬಿಡಿಸಿ ಎತ್ತಿಟ್ಟೆ, ಈಗ ಒಂದು ಶೂ ಡಬ್ಬದ ತುಂಬ ಗಣಪತಿಗಳಿದಾರೆ, ಏನ್ಮಾಡೋದು ಅಂತ ಇಬ್ರಿಗೂ ಗೊತ್ತಿಲ್ಲ.

ಆ ಕಾರ್ಡು ಮಡಚೋಕೆ ಹೋದಾಗ ಒಂದು ಕಡೆ ನೀಟಾಗಿ ಬಾಗುತ್ತೆ, ಇನ್ನೊಂದು ಕಡೆ ಒಡೆದು ಬಿಳಿ ಬಿಳಿ ಬಿರುಕು. ನ್ಯೂಸ್ ಪೇಪರ್ ಹರಿಯೋವಾಗ ನೀವೂ ನೋಡಿರ್ತೀರ, ಮೇಲಿಂದ ಕೆಳಕ್ಕೆ ಸರ್ರಂತ ನೇರ ಹರಿಯುತ್ತೆ, ಅಡ್ಡಡ್ಡ ಹರಿದ್ರೆ ಎಲ್ಲೆಲ್ಲೋ ಹೋಗುತ್ತೆ. ಮಿಲ್ಲಲ್ಲಿ ಕಾಗದ ಓಡೋ ದಿಕ್ಕಿಗೇ ನಾರುಗಳು ಹೆಚ್ಚಾಗಿ ಮಲಗ್ಬಿಡ್ತವಂತೆ, ಅದ್ಕೆ. ಬಟ್ಟೆಗೆ ಎಳೆ ನೋಡೋ ಟೈಲರ್ ಥರ ಕಾಗದಕ್ಕೂ ಎಳೆ ನೋಡ್ಬೇಕು ಅಂತ ಗೊತ್ತಾಗೋಷ್ಟರಲ್ಲಿ ಚಿಕ್ಕಮ್ಮನ ಮದುವೆ ಪತ್ರಿಕೆ ಮೂರು ಹೋಳಾಗಿತ್ತು. ಮಡಿಕೆ ಗೆರೆ ಎಳೆಯೋಕೆ, ಆಮೇಲೆ ತೀಡೋಕೆ ಬುಕ್ ಬೈಂಡರ್‌ಗಳು ಮೂಳೇಲಿ ಮಾಡಿದ ಒಂದು ಪಟ್ಟಿ ಇಟ್ಕೊಂಡಿರ್ತಾರೆ ಅಂತ ಓದಿದ್ದೆ, ಅದನ್ನ ಅಮ್ಮನ ಎದುರು ಬಾಯಿಬಿಟ್ಟು ಹೇಳಿದ್ದು ತಪ್ಪಾಯ್ತು. ಮುಗಿದ ರಿಫಿಲ್ಲಲ್ಲಿ ಗೆರೆ, ಸ್ಟೀಲ್ ಚಮಚದ ಬೆನ್ನಲ್ಲಿ ತೀಡೋದು, ಅದ್ರಲ್ಲೇ ಎಲ್ಲಾ ಮುಗೀತು.

ಕಷ್ಟ ಶುರುವಾಗಿದ್ದು ಅಂಟಲ್ಲಿ. ಒಂದು ಹಾಳೆಗೆ ಬಿಳಿ ಗಮ್ಮು ಧಾರಾಳವಾಗಿ ಬಳಿದೆ, ಬೆಳಿಗ್ಗೆ ನೋಡಿದ್ರೆ ಹಪ್ಪಳ ಕರಿದಂಗೆ ಸೊಟ್ಟ ಸೊಟ್ಟ. ಗಮ್ಮಿನ ತಪ್ಪಲ್ಲ, ಅದ್ರಲ್ಲಿರೋ ನೀರು ಕುಡಿದು ಕಾಗದದ ನಾರು ಉಬ್ಬುತ್ತೆ, ಒಣಗೋವಾಗ ಮೊದಲಿನ ಜಾಗಕ್ಕೆ ನೆಟ್ಟಗೆ ಬರಲ್ಲ. ತೆಳ್ಳಗೆ ಬಳಿದು ಮೇಲೆ ಭಾರ ಇಡ್ಬೇಕಿತ್ತು, ನಾನು ಮಸಾಲೆ ದೋಸೆಗೆ ಕೆಂಪು ಚಟ್ನಿ ಸವರಿದಂಗೆ ಸವರಿದ್ದೆ. ಕೀಳೋಣ ಅಂದ್ರೆ ಅದು ಒಂದ್ಸಲ ಹಿಡೀತು ಅಂದ್ರೆ ಮುಗೀತು, ಕಾಗದ ಹರಿಯುತ್ತೆ ಹೊರತು ಅಂಟು ಬಿಡಲ್ಲ.

ಅಮ್ಮ ಮೈದಾ ಕಾಸಿಕೊಟ್ಲು. ಒಂದು ಚಮಚ ಮೈದಾ, ನೀರಲ್ಲಿ ಗಂಟಿಲ್ದಂಗೆ ಕಲಸಿ, ಸಣ್ಣ ಉರಿ, ಬಿಳಿ ಹೋಗಿ ಗಾಜಿನ ಥರ ಆಗೋವರ್ಗೂ ತಿರುವೋದು. ಚಿಕ್ಕೋರಿದ್ದಾಗ ಗಾಳಿಪಟಕ್ಕೆ ಇದೇ, ಅದೂ ಇಲ್ಲ ಅಂದ್ರೆ ಅನ್ನದ ಅಗುಳು. ಬೈಂಡಿಂಗ್ ಮಾಡೋರು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕ್ತಾರೆ, ಹುಳ ಬರ್ಬಾರ್ದು ಅಂತ, ವಿಷ ಅದು, ಅಡುಗೆಮನೇಲಿ ಬೇಡ ಅಂತ ನಾವು ಬಿಟ್ವಿ. ಮೈದಾ ಅಂಟು ಅಂದ್ರೆ ಹುಳಕ್ಕೂ ಇಷ್ಟ, ಗೋಡೆ ಮೇಲಿನ ಸಿನಿಮಾ ಪೋಸ್ಟರ್ ಕಿತ್ತು ತಿನ್ನೋ ಹಸುಗೂ ಇಷ್ಟ. ಆದ್ರೆ ಅದ್ರಲ್ಲಿ ಒಂದು ದೊಡ್ಡಗುಣ, ಒದ್ದೆ ಮಾಡಿ ಸ್ವಲ್ಪ ಹೊತ್ತು ಬಿಟ್ರೆ ಮರ್ಯಾದೆಯಾಗಿ ಬಿಟ್ಕೊಡುತ್ತೆ. ಹಳೇ ಪುಸ್ತಕ ರಿಪೇರಿ ಮಾಡೋರು ಗಂಜಿ ಅಂಟನ್ನೇ ನಂಬೋದು ಯಾಕೆ ಅಂತ ಅವಾಗ ಅರ್ಥ ಆಯ್ತು. ಮುಂದೆ ಯಾರಾದ್ರೂ ಬಿಚ್ಬೇಕಾದ್ರೆ ಬಿಚ್ಚೋಕೆ ಬರ್ಬೇಕು.

ಬಿಚ್ಚೋಕೆ ಬರದೇ ಇರೋದಕ್ಕೆ ನಮ್ಮನೇಲಿ ಸಾಕ್ಷಿ ಇದೆ. ತೊಂಬತ್ತರ ದಶಕದಲ್ಲಿ ಎಲ್ರ ಮನೇಲೂ ಒಂದು ಆಲ್ಬಮ್ ಇತ್ತಲ್ಲ, ಹಾಳೆ ಮೇಲೆ ಅಂಟಿನ ಗೆರೆಗಳು, ಫೋಟೋ ಇಟ್ಟು ಮೇಲಿಂದ ಪ್ಲಾಸ್ಟಿಕ್ ಎಳೆದು ಮುಚ್ಚೋದು. ನನ್ನ ನಾಮಕರಣ ಪೂರ್ತಿ ಅದ್ರಲ್ಲೇ ಸಿಕ್ಕಾಕ್ಕೊಂಡಿದೆ, ಗೆರೆಗಳೆಲ್ಲ ಕಂದು ಬಣ್ಣ, ಫೋಟೋಗಳು ಬಿಸ್ಕತ್ತಿನ ಬಣ್ಣ. ಹಲ್ಲು ಸಂದಿ ತೆಗೆಯೋ ದಾರಾನ ಫೋಟೋ ಹಿಂದೆ ತೂರಿಸಿ ಗರಗಸದಂಗೆ ಆಡಿಸಿ ಆಡಿಸಿ ಹನ್ನೊಂದು ಬಿಡಿಸಿದೆ, ಎರಡರಲ್ಲಿ ಸೋದರತ್ತೆ ಅರ್ಧ ಅಲ್ಲೇ ಉಳಿದ್ರು. ಹಾಳೇಲೇ ಅಂಟು ಇಡೋ ಐಡಿಯಾ ಏನು ಹೊಸದಲ್ಲ, ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲೇ ಅಂಥ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ತಗೊಂಡಿದ್ದ, ಅದನ್ನ ಸ್ಟಾಂಪ್ ಥರ ನೀರು ಹಚ್ಚಿ ಅಂಟಿಸ್ಬೇಕಿತ್ತು. ಅಂಟಿಸೋ ರಗಳೆ ಯಾರಿಗೂ ಬೇಡ, ಅವತ್ತೂ ಅಷ್ಟೆ.

ಅದಕ್ಕೂ ಹಿಂದಿನದು ತಾತನ ಆಲ್ಬಮ್. ಕಪ್ಪು ರಟ್ಟಿನ ಹಾಳೆ, ನಡುವೆ ಜೇಡರ ಬಲೆ ಡಿಸೈನಿನ ತೆಳು ಕಾಗದ, ಫೋಟೋದ ನಾಲ್ಕೂ ಮೂಲೇಗೆ ತ್ರಿಕೋನದ ಪುಟ್ಟ ಜೇಬು. ಅಂಟು ಇರೋದು ಜೇಬಿಗೆ, ಫೋಟೋಗೆ ತಾಗಲ್ಲ. ನಾನೂ ಕೊನೆಗೆ ಅದನ್ನೇ ಮಾಡಿದೆ, ಲಗ್ನಪತ್ರಿಕೆಗಳ ಚಿನ್ನದ ಅಂಚು ಕತ್ತರಿಸಿ ಇನ್ನೂರಕ್ಕೂ ಮೇಲೆ ಮೂಲೆ ಮಡಚಿದೆ, ಬೆರಳು ಬಾತ್ಕೊಂಡ್ವು.

ಮಧ್ಯೆ ಒಂದು ಪುಟ ಉದ್ದಕ್ಕೆ ಮಡಿಕೆ ಮಡಿಕೆಯಾಗಿ ಬಿಚ್ಕೊಳ್ಳೋ ಹಾಗೆ ಮಾಡಿದ್ದೆ, ಅಕಾರ್ಡಿಯನ್ ಫೋಲ್ಡ್ ಅಂತಾರೆ. ತಾಲ್ಲೂಕು ಆಫೀಸಲ್ಲಿ ರಿಟೈರ್ ಆಗಿರೋ ಅಪ್ಪ ಬಂದು ಬಗ್ಗಿ ನೋಡಿ "ಇದು ಕಡತ ಅಲ್ವಾ" ಅಂದ್ರು. ಫೈಲ್ ಅನ್ನೋ ಅರ್ಥದಲ್ಲಿ ಅಲ್ಲ, ಹಳೇ ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಹಿಂಗೇ ಮಡಿಕೆ ಹಾಕಿ, ಬಳಪದಲ್ಲಿ ಲೆಕ್ಕ ಬರೀತಿದ್ರಂತೆ, ಬೇಕಾದ್ರೆ ಅಳಿಸಿ ಮತ್ತೆ ಬರೆಯೋದು. ಶೃಂಗೇರಿ ಮಠದಲ್ಲಿ ಅಂಥವು ರಾಶಿ ಇವೆ. ಅಷ್ಟು ಹೇಳಿ ಅವರೇ ಒಳಗಿಂದ ದಬ್ಬಣ, ಟ್ವೈನ್ ದಾರ, ಆಫೀಸ್ ಫೈಲಿನ ಟ್ಯಾಗು ತಂದು "ಬೆನ್ನು ಅಂಟಿಸ್ಬೇಡ, ಹೊಲಿ" ಅಂತ ಮೂರು ತೂತು ಹಾಕಿ ಬಿಗಿದುಕೊಟ್ರು. ತಮಗೇ ಸರ್ಪ್ರೈಸ್ ಅಂತ ಗೊತ್ತಿದ್ದೂ ಗೊತ್ತಿಲ್ಲದ ಮುಖ ಮಾಡ್ಕೊಂಡಿದ್ರು.

ಶಾಂತಿ ದಿನ ಎಲ್ರೂ ಕೈಯಿಂದ ಕೈಗೆ ದಾಟಿಸ್ಕೊಂಡು ನೋಡಿದ್ರು, ಒಂದು ಪುಟಕ್ಕೆ ಸಾರು ಬಿತ್ತು. ಮಾರನೇ ವಾರ ಅಪ್ಪಂಗೆ ಬ್ಯಾಂಕಿಂದ ಕೆವೈಸಿ ಮೆಸೇಜು ಬಂತು, ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಂತೆ. ನೋಡ್ತೀನಿ, ನಿವೃತ್ತಿಗೂ ಎಷ್ಟೋ ವರ್ಷ ಹಿಂದಿನ, ಮೀಸೆ ಕಪ್ಪಗಿರೋ ಫೋಟೋನ ಮೂಲೆಯಿಂದ ಮೆತ್ತಗೆ ಜಾರಿಸಿ ತೆಗೆದು ಷರ್ಟ್ ಜೇಬಿಗೆ ಹಾಕ್ಕೋತಿದಾರೆ. "ಇತ್ತೀಚಿನದು ಬೇಕು ಅಪ್ಪ" ಅಂದೆ. "ಇದ್ರಲ್ಲಿ ಚೆನ್ನಾಗಿದೀನಿ ಕಣೇ" ಅಂತ ಹೊರಟೇಬಿಟ್ರು. ಬ್ಯಾಂಕಿನವರು ತಗೊಂಡ್ರೋ ಇಲ್ವೋ ಹೇಳ್ಲಿಲ್ಲ, ಫೋಟೋನೂ ವಾಪಸ್ ಬರ್ಲಿಲ್ಲ, ಆ ಪುಟದಲ್ಲಿ ಈಗ ನಾಲ್ಕು ಚಿನ್ನದ ಮೂಲೆ ಮಾತ್ರ ಇದಾವೆ.