ತೂಕದ ಚೀಟಿ ತಂದರಷ್ಟೇ ಬಿಲ್ಲು

ಕ್ಯಾಲಿಫೋರ್ನಿಯಾದಲ್ಲಿ ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲಿ ಹಳೆಯ ಪ್ರಯೋಗಾಲಯವೊಂದನ್ನು ಕೆಡವುತ್ತಿದ್ದಾರೆ. ಬೇಲಿಯೊಳಗೆ ಕಾಂಕ್ರೀಟು, ಕಬ್ಬಿಣ, ಮರ, ಜಿಪ್ಸಂ ಹಲಗೆ ಎಲ್ಲಕ್ಕೂ ಬೇರೆಬೇರೆ ತೊಟ್ಟಿ. ಜಿಪ್ಸಂ ಒದ್ದೆ ಕಸದ ಜೊತೆ ಗುಂಡಿಗೆ ಬಿದ್ದರೆ ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ರಾಜ್ಯದ ನಿಯಮದಂತೆ ಅಪಾಯಕಾರಿಯಲ್ಲದ ಕಟ್ಟಡ ತ್ಯಾಜ್ಯದಲ್ಲಿ ಕನಿಷ್ಠ ಶೇ 65ರಷ್ಟು ಮರುಬಳಕೆಯಾಗಬೇಕು, ಅದಕ್ಕೆ ದಾಖಲೆಯೂ ಇರಬೇಕು. ಹಾಗಾಗಿ ಲಾರಿ ಎಲ್ಲಿ ಸುರಿಯಿತು, ಎಷ್ಟು ತೂಗಿತು ಎಂಬ ಚೀಟಿಯನ್ನು ಗುತ್ತಿಗೆದಾರ ಜೋಪಾನ ಮಾಡುತ್ತಾನೆ.

ಕಳೆದ ಸಲ ಊರಿಗೆ ಬಂದಾಗ ಒಂದು ಕ್ಯಾಂಪಸ್ಸಿನಲ್ಲಿ ಹಳೆಯ ಹಾಸ್ಟೆಲ್ ಕೆಡವುವುದನ್ನು ನೋಡಿ ಹೊಟ್ಟೆ ಉರಿಯಿತು. ತೇಗದ ಚೌಕಟ್ಟು, ಮಂಗಳೂರು ಹೆಂಚು, ಇಟ್ಟಿಗೆ ಎಲ್ಲವನ್ನೂ ಜೆಸಿಬಿ ಒಂದೇ ರಾಶಿ ಮಾಡಿತ್ತು. ಟ್ರ್ಯಾಕ್ಟರುಗಳು ಅದನ್ನು ಕೆರೆಯಂಗಳಕ್ಕೆ ಸುರಿದು ಬಂದವು. ಅದೇ ಊರಿನಲ್ಲಿ ಸ್ವಂತ ಮನೆ ಕೆಡವುವವರು ಮೊದಲು ಹೆಂಚು ಇಳಿಸುತ್ತಾರೆ, ಬಾಗಿಲು ಕಿಟಕಿ ಬಿಚ್ಚುತ್ತಾರೆ, ಕಲ್ಲುಚಪ್ಪಡಿ ಎತ್ತಿಡುತ್ತಾರೆ, ಇಟ್ಟಿಗೆಗೆ ಅಂಟಿದ ಗಾರೆ ಕೆರೆದು ಜೋಡಿಸುತ್ತಾರೆ. ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೂಲಿ ದುಬಾರಿ, ಬಿಚ್ಚಿ ಉಳಿಸುವುದಕ್ಕಿಂತ ಒಡೆದು ಪುಡಿ ಮಾಡುವುದೇ ಅಗ್ಗ. ಈ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು. ಆದರೆ ಸರ್ಕಾರಿ ಟೆಂಡರಿನಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮಲ್ಲಿ ಕಾನೂನಿಗೇನೂ ಬರವಿರಲಿಲ್ಲ. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರಿ ಕಟ್ಟಡ ತ್ಯಾಜ್ಯ ಬಂದರೆ ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಎಂದು ವಿಂಗಡಿಸಬೇಕು, ಮೊದಲೇ ಯೋಜನೆ ಸಲ್ಲಿಸಬೇಕು ಎಂದು ಕೇಂದ್ರದ 2016ರ ನಿಯಮವೇ ಹೇಳಿತ್ತು. ಕಾಂಕ್ರೀಟಿಗೆ ಹಾಕುವ ಜಲ್ಲಿ, ಮರಳಿನ ಬಗೆಗಿನ ಅದೇ ವರ್ಷದ ಭಾರತೀಯ ಮಾನಕ ಐಎಸ್ 383, ಎಂ25 ಎಂಬ ಬಲದ ದರ್ಜೆಯವರೆಗಿನ ಆರ್‌ಸಿಸಿಯಲ್ಲಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಲ್ಲಿ) ಶೇ 20ರಷ್ಟು ಮರುಬಳಕೆಯ ಜಲ್ಲಿ ಹಾಕಲು ಒಪ್ಪಿತು. ಬೆಂಗಳೂರಿನ ಚಿಕ್ಕಜಾಲದಲ್ಲಿ ಸಂಸ್ಕರಣಾ ಘಟಕವೂ ಇದೆ.

ಹೊಸ ಕಟ್ಟಡದ್ದು ಇನ್ನೊಂದು ಗೋಳು. ಪ್ಲಾಸ್ಟರಿಂಗ್ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಪೈಪಿಗಾಗಿ ಗೋಡೆ ಕೊರೆಯುತ್ತಾನೆ, ಆಮೇಲೆ ಪ್ಲಂಬರ್. ಮತ್ತೆ ಗಾರೆ, ಮತ್ತೆ ಕಸ. ಪೈಪು ಎಲ್ಲಿ ಹಾಯಬೇಕೆಂದು ನಕ್ಷೆಯಲ್ಲೇ ತೀರ್ಮಾನಿಸಿದರೆ ಇದರಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ವಿಶ್ವವಿದ್ಯಾಲಯಗಳು ಟೆಂಡರಿಗೆ ಎರಡು ಷರತ್ತು ಸೇರಿಸಲಿ: ಬಿಚ್ಚಿಡಬೇಕಾದ ಸಾಮಾನುಗಳ ಪಟ್ಟಿ ತಯಾರಾಗದೆ ಜೆಸಿಬಿ ಒಳಗೆ ಬರಬಾರದು; ತೂಕದ ಚೀಟಿ ಇಲ್ಲದೆ ಕೊನೆಯ ಬಿಲ್ಲು ಪಾಸಾಗಬಾರದು. ಸಿವಿಲ್ ವಿಭಾಗವಿರುವ ಕಡೆ ಪಟ್ಟಿ ಮಾಡುವ, ಹಳೆಯ ಕಾಂಕ್ರೀಟನ್ನು ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಪ್ರಾಜೆಕ್ಟಾಗಿ ಕೊಡಬಹುದು.