ನಾನು ನೋಡದೇ ಇದ್ದಾಗ ತೆಗಿ, ಮಾಮ

ನನ್ನ ಬಲ ಮೊಣಕಾಲು ಇವತ್ತು ಬೆಳಿಗ್ಗೆಯಿಂದ ಮಡಚುತ್ತಿಲ್ಲ. ವಯಸ್ಸಿನ ಮೇಲೆ ಗೂಬೆ ಕೂರಿಸಬೇಡಿ. ನಿನ್ನೆ ಮಧ್ಯಾಹ್ನ ಮುಂಬೈಯ ಕಾಲಾ ಘೋಡಾದ ಫುಟ್‌ಪಾತಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಕ್ಕನ ಮಗಳ ಅರವತ್ಮೂರು ಫೋಟೋ ತೆಗೆದಿದ್ದೇನೆ. ಎಣಿಸಿದ್ದು ನಾನಲ್ಲ, ಅವಳೇ. "ಅರವತ್ಮೂರರಲ್ಲಿ ಒಂದೂ ಸರಿಯಾಗಿಲ್ಲ ಮಾಮ" ಅಂತ ಲೆಕ್ಕ ಒಪ್ಪಿಸಿದಳು.

ನಾವು ಪುಟ್ಟಿ ಅಂತ ಕರೀತೀವಿ ಅಷ್ಟೇ, ವಯಸ್ಸು ಇಪ್ಪತ್ಮೂರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಾಲ್ಕು ದಿನ ರಜೆ ಹಾಕಿ ಡೊಂಬಿವಲಿಯ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಫೋನಿನಲ್ಲಿ ಒಂದು ಪಟ್ಟಿ ತೋರಿಸಿದಳು. ಅದರಲ್ಲಿ ಗೇಟ್‌ವೇ ಇಲ್ಲ, ಮಹಾಲಕ್ಷ್ಮಿ ದೇವಸ್ಥಾನ ಇಲ್ಲ. ಬರೀ ಗೋಡೆ, ಬಾಗಿಲು, ಕಾಫಿ ಅಂಗಡಿ. ಭಾನುವಾರ ಮೆಗಾಬ್ಲಾಕ್ ಇರುತ್ತೆ, ಹಳಿ ರಿಪೇರಿಗೆ ಅಂತ ಲೋಕಲ್ ರೈಲು ಕಡಿಮೆ ಮಾಡ್ತಾರೆ ಅಂತ ನಮ್ಮ ಬಿಲ್ಡಿಂಗಿನ ಬೆಕ್ಕಿಗೂ ಗೊತ್ತು, ಆದರೆ ಅವಳಿಗೆ ಭಾನುವಾರವೇ ಆಗಬೇಕು, ಯಾಕಂದ್ರೆ ಅವತ್ತು ಕಾಲಾ ಘೋಡಾ ಇರುವ ಫೋರ್ಟ್ ಏರಿಯಾದಲ್ಲಿ ಆಫೀಸಿಗೆ ರಜೆ, ರಸ್ತೆ ಖಾಲಿ, ಫೋಟೋದಲ್ಲಿ ಜನ ಬರಲ್ಲ. ಆ ಜನರೆಲ್ಲ ನಮ್ಮ ರೈಲು ಡಬ್ಬಿಯಲ್ಲೇ ಇದ್ದರು. ನಾನು ಸಿಎಸ್‌ಎಂಟಿ ಸ್ಟೇಷನ್ನಿನವರೆಗೂ ಒಂದೇ ಕಾಲಲ್ಲಿ ಬಂದೆ.

ಕಾಲಾ ಘೋಡಾ ಅಂದರೆ ಕಪ್ಪು ಕುದುರೆ. ದೊಡ್ಡವನು ಅನ್ನಿಸಿಕೊಳ್ಳಲು ನಾನು ಕತೆ ಶುರು ಮಾಡಿದೆ. ಏಳನೇ ಎಡ್ವರ್ಡ್ ಕೂತಿದ್ದ ಕುದುರೆಯನ್ನು 1965ರಲ್ಲಿ ಇಲ್ಲಿಂದ ತೆಗೆದರು, ಈಗ ರಾಜ ಕುದುರೆ ಸಮೇತ ಭಾಯಖಳಾದ ರಾಣಿಬಾಗ್ ಮೃಗಾಲಯದಲ್ಲಿದ್ದಾನೆ, ಐವತ್ತು ವರ್ಷಕ್ಕೂ ಜಾಸ್ತಿ ಇಲ್ಲಿ ಕುದುರೆಯ ಹೆಸರಿತ್ತು, ಕುದುರೆ ಇರಲಿಲ್ಲ, 2017ರಲ್ಲಿ ಹೊಸದು ನಿಲ್ಲಿಸಿದರು, ಅದರ ಮೇಲೆ ಸವಾರನೇ ಇಲ್ಲ. "ಸೂಪರ್ ಮಾಮ" ಅಂದು ಪುಟ್ಟಿ ಫೋನನ್ನು ನನ್ನ ಕೈಗೆ ಕೊಟ್ಟಳು.

ಅಲ್ಲಿಂದ ಶುರುವಾಯಿತು ನನ್ನ ಶನಿಕಾಟ. ಅವಳಿಗೆ ಬೇಕಾದದ್ದು ಕ್ಯಾಂಡಿಡ್. ಅಂದರೆ ಫೋಟೋ ತೆಗೀತಿರೋದು ಅವಳಿಗೆ ಗೊತ್ತೇ ಇಲ್ಲ ಅನ್ನೋ ಹಾಗೆ ಇರಬೇಕು. ಅದಕ್ಕೆ ಇಬ್ಬರೂ ಸೇರಿ ಹತ್ತು ನಿಮಿಷ ತಯಾರಿ.

"ನಾನು ಆ ಕಡೆಯಿಂದ ನಡ್ಕೊಂಡು ಬರ್ತೀನಿ. ಯಾರೋ ಏನೋ ಹೇಳಿದ್ರು ಅಂತ ನಗ್ತೀನಿ. ಆಗ ತೆಗಿ."

"ಯಾರು ಏನು ಹೇಳಿದ್ರು?"

"ಯಾರೂ ಏನೂ ಹೇಳಿಲ್ಲ ಮಾಮ. ಹೇಳಿದ ಹಾಗೆ!"

ನೀಲಿ ಬಣ್ಣದ ಯಹೂದಿ ಪ್ರಾರ್ಥನಾ ಮಂದಿರ ಇದೆಯಲ್ಲ, 1884ರದ್ದು, ಅದು ಹಿಂದೆ ಕಾಣಬೇಕು. ಅವಳು ಎತ್ತರ ಕಾಣಬೇಕು, ಅದಕ್ಕೆ ನಾನು ಕೆಳಗೆ ಕೂರಬೇಕು. ಮೊದಲನೇ ಸಲ ಕಾಲಿ ಪೀಲಿ ಟ್ಯಾಕ್ಸಿ ಅಡ್ಡ ಬಂತು. ಎರಡನೇ ಸಲ ನನ್ನ ಹೆಬ್ಬೆರಳು. ಮೂರನೇ ಸಲ ಅವಳು ನಕ್ಕಾಗ ನಾನು ಒತ್ತಲಿಲ್ಲ, ನಾನು ಒತ್ತಿದಾಗ ಅವಳು ಸೀನಿದಳು. ಆಮೇಲೆ ಕಡಲೆಕಾಯಿ ಮಾರುವವನೊಬ್ಬ ಬುಟ್ಟಿ ಹೊತ್ತು ಮಧ್ಯದಲ್ಲೇ ಹಾದುಹೋದ. "ನೋಡು, ಇವನು ನಡೆಯೋದು ಎಷ್ಟು ಚೆನ್ನಾಗಿದೆ, ಅವನಿಗೆ ನಿಜವಾಗ್ಲೂ ಗೊತ್ತಿರಲಿಲ್ಲ" ಅಂದೆ. ಪುಟ್ಟಿಗೆ ನಗು ಬರಲಿಲ್ಲ. ಬರಬೇಕಾದಾಗ ಬರಲ್ಲ ಅವಳಿಗೆ.

ಕಾವಲಿಗಿದ್ದ ಹವಾಲ್ದಾರ ಇಷ್ಟನ್ನೂ ನೋಡುತ್ತಾ ನಿಂತಿದ್ದ. ಓಡಿಸ್ತಾನೆ, ಬಚಾವ್ ಆದೆ ಅಂದುಕೊಂಡೆ. ಅವನು ಬಂದು, "ಕಾಕಾ, ಅಜೂನ್ ಖಾಲೀ ಬಸಾ" ಅಂದ. ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ. ನಾನು ಇನ್ನೂ ಕೆಳಗೆ ಕೂತೆ, ಮೊಣಕಾಲು ಕನ್ನಡದಲ್ಲೇ ಖಾಲಿಯಾಯಿತು.

ವಾಟ್ಸನ್ ಹೋಟೆಲಿನ ಹಳೇ ಕಟ್ಟಡದ ಎದುರು ಅದೇ ನಡಿಗೆ, ಈ ಸಲ ವಿಡಿಯೋ. 1896ರ ಜುಲೈ 7ರಂದು ನಮ್ಮ ದೇಶದಲ್ಲಿ ಮೊಟ್ಟಮೊದಲು ಸಿನಿಮಾ ತೋರಿಸಿದ್ದು ಇಲ್ಲೇ. ತೋರಿಸಿದ್ದರಲ್ಲಿ ಒಂದು, ಕಾರ್ಖಾನೆಯಿಂದ ಕೆಲಸದವರು ನಡೆದುಕೊಂಡು ಹೊರಗೆ ಬರೋದು. ಅಂದಿನಿಂದ ಇಂದಿನವರೆಗೆ ನಡೆದುಕೊಂಡು ಬರುವುದರಲ್ಲೇ ಇದ್ದೇವೆ ಅನ್ನಿಸಿತು.

ಕಾಫಿ ವಿಷಯ ಜಾಸ್ತಿ ಹೇಳಲ್ಲ, ಹೊಟ್ಟೆ ಉರಿಯುತ್ತೆ. ಕಪ್ಪಿನ ಜೊತೆ ಒಂದು ಚೀಟಿ ಬಂತು. ಯಾವ ತೋಟ, ಎಷ್ಟು ಎತ್ತರ, ಹುರಿದ ತಾರೀಖು. ಜಾತಕ ಕೊಟ್ಟರು, ಸಕ್ಕರೆ ಕೊಡಲಿಲ್ಲ. ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿ 560 ರೂಪಾಯಿ. ಪುಟ್ಟಿ ತಾನೇ ಕೊಡ್ತೀನಿ ಅಂದಳು, ಆದರೆ ಮಾಮ ಅನ್ನಿಸಿಕೊಂಡವನಿಗೆ ಮರ್ಯಾದೆ ಅನ್ನೋ ಕಾಯಿಲೆ ಇರುತ್ತಲ್ವಾ.

ವಾಪಸ್ಸು ಸ್ಟೇಷನ್ನಿಗೆ ನಡೆಯುವಾಗ ಸುಮ್ನೆ ಒಂದು ಗಲ್ಲಿಗೆ ತಿರುಗಿದೆ. ಅಪ್ಪ ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದಿಂದ ಬಂದು ಟೇಬಲ್ ಒರೆಸಿದ ಹೋಟೆಲ್ ಅಲ್ಲಿತ್ತು. ಹಗಲು ಹೋಟೆಲ್, ಸಂಜೆ ಕನ್ನಡ ರಾತ್ರಿ ಶಾಲೆ. ಗಿರಾಕಿಗಳೆಲ್ಲ ಹೋದಮೇಲೆ ಎರಡು ಟೇಬಲ್ ಜೋಡಿಸಿ ಅದರ ಮೇಲೇ ನಿದ್ದೆ. ಆ ಕಾಲದ ಅವರ ಫೋಟೋ ನಮ್ಮಲ್ಲಿ ಇರೋದು ಒಂದೇ. ಸ್ಟುಡಿಯೋದ್ದು, ಪಕ್ಕದಲ್ಲಿ ಹೂದಾನಿ, ಕ್ಯಾಮೆರಾವನ್ನೇ ದಿಟ್ಟಿಸಿ ನೋಡುತ್ತಿದ್ದಾರೆ, ಕಣ್ಣು ಮಿಟುಕಿಸಿದರೆ ಸಂಬಳ ಹಿಡೀತಾರೇನೋ ಅನ್ನೋ ಹಾಗೆ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಅಂಗಡಿ, ಭಾನುವಾರವಾದ್ದರಿಂದ ಶಟರ್ ಎಳೆದಿತ್ತು. "ಅಜ್ಜ ಇಲ್ಲೇ ಮಲಗ್ತಿದ್ದರು ಕಣೇ" ಅಂತ ಕೈ ಮಾಡಿ ತೋರಿಸಿದೆ. ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಗಂಟಲೂ ಕಟ್ಟಿತು.

ರಾತ್ರಿ ಮನೆಯವರ ಗ್ರೂಪಿನಲ್ಲಿ ಒಂದು ಫೋಟೋ ಬಂದು ಬಿತ್ತು. ಗಲ್ಲಿಯಲ್ಲಿ ನಾನು, ಬಾಯಿ ಅರ್ಧ ತೆಗೆದು, ಕೈ ಚಾಚಿ, ಬಟನ್ ಕೀಳುವ ಹಾಗೆ ಹೊಟ್ಟೆ ಮುಂದೆ. ಕೆಳಗೆ ಪುಟ್ಟಿಯ ಒಕ್ಕಣೆ: ಇದು ಕ್ಯಾಂಡಿಡ್, ಕಲ್ತುಕೋ ಮಾಮ. ಒಂದೇ ಸಲಕ್ಕೆ ತೆಗೆದದ್ದಂತೆ. ಶಟರ್ ಮಾತ್ರ ಅದರೊಳಗೆ ಬಂದೇ ಇರಲಿಲ್ಲ.

ಎರಡೇ ನಿಮಿಷಕ್ಕೆ ಅಕ್ಕ ಬರೆದಳು: "ಏನೋ ತೋರಿಸ್ತಿದ್ದೀಯ ಅಲ್ಲಿ? ಮೊದಲು ಆ ಹೊಟ್ಟೆ ಇಳಿಸು."