ಕಳೆದುಕೊಳ್ಳೋಕೆ ಹೆದರಿದ ಸಿನಿಮಾ: 'ದಿ ರೈಸ್ ಆಫ್ ಸ್ಕೈವಾಕರ್'

ಸ್ಟಾರ್ ವಾರ್ಸ್‌ನ ಒಂಬತ್ತನೇ ಕಂತನ್ನು 2019ರಲ್ಲಿ ಬಿಡುಗಡೆಯಾದಾಗಿನಿಂದ ಬೈಯ್ಯೋರಿಗೆ ಬರವಿಲ್ಲ. ಎಲ್ಲರ ಸಿಟ್ಟೂ ಖಳ ಚಕ್ರವರ್ತಿ ಪಾಲ್ಪಟೀನ್ ಮೇಲೆ. 1983ರ ಕಂತಿನಲ್ಲೇ ಡಾರ್ತ್ ವೇಡರ್ ಎತ್ತಿ ಪಾತಾಳಕ್ಕೆ ಎಸೆದಿದ್ದ ಮುದುಕ ಇಲ್ಲಿ ಎದ್ದು ಬಂದು ಕೂತಿದ್ದಾನೆ. ಹೇಗೆ ಬಂದ? 'ಹೇಗೋ ಬಂದ' ಅಂತ ಪೈಲಟ್ ಪೋ ಬಾಯಲ್ಲಿ ಹೇಳಿಸಿ ತಿಪ್ಪೆ ಸಾರಿಸಿದ್ದಾರೆ. (ಅವನು ವಾಪಸ್ ಬಂದ ಘೋಷಣೆ ಕೇಳಿಸಿದ್ದು ಫೋರ್ಟ್‌ನೈಟ್ ಗೇಮ್‌ನಲ್ಲಿ! ಟಿಕೆಟ್ ತಗೊಂಡವರು ಮೊದಲು ಗೇಮ್ ಆಡಿಕೊಂಡು ಬರಬೇಕಿತ್ತೇನೋ.)

ಅದನ್ನಾದರೂ ನಾನು ಕ್ಷಮಿಸಿಬಿಡ್ತೀನಿ. ಹಳೇ ಖಳ ಮತ್ತೆ ಬರೋದು ಇಂಥ ಕಥೆಗಳಲ್ಲಿ ಹೊಸದೇನಲ್ಲ. ಸಹಿಸೋಕೆ ಆಗದೇ ಇರೋದು ಈ ಸಿನಿಮಾದ ಪುಕ್ಕಲುತನ. ಏನನ್ನೂ ಕಳೆದುಕೊಳ್ಳೋಕೆ ಅದಕ್ಕೆ ಧೈರ್ಯವಿಲ್ಲ.

ಮೈತುಂಬ ಕೂದಲಿನ ಹಳೇ ಗೆಳೆಯ ಚ್ಯೂಬಾಕಾ, ಅಂದರೆ ಚೂಯಿಯ ದೃಶ್ಯವನ್ನೇ ನೋಡಿ. ಹಾರುತ್ತಿರೋ ನೌಕೆಯನ್ನು ನಾಯಕಿ ರೇ ತನ್ನ ಶಕ್ತಿಯಿಂದ ಹಿಡಿದು ಎಳೀತಾಳೆ, ಆ ಕಡೆಯಿಂದ ಅವಳ ಎದುರಾಳಿ ಕೈಲೋ ರೆನ್ ಎಳೀತಾನೆ. ಇದ್ದಕ್ಕಿದ್ದಂತೆ ಅವಳ ಬೆರಳುಗಳಿಂದಲೇ ಮಿಂಚು ಹೊರಟು ನೌಕೆ ಚೂರುಚೂರಾಗುತ್ತೆ. ಒಳಗೆ ಚೂಯಿ ಇದ್ದಾನೆ ಅಂತಲೇ ಅವಳೂ ನಂಬ್ತಾಳೆ, ನಾವೂ ನಂಬ್ತೀವಿ. ಎಂಥಾ ಪೆಟ್ಟು ಅದು! ಕೆಲವೇ ನಿಮಿಷ, ಅವನು ಬೇರೆ ನೌಕೆಯಲ್ಲಿದ್ದ ಅಂತ ತೋರಿಸಿಬಿಡ್ತಾರೆ. ಚಿನ್ನದ ಬಣ್ಣದ ರೋಬಾಟ್ ಥ್ರೀಪಿಯೋ ಕಥೆಯೂ ಅಷ್ಟೇ. ದುಷ್ಟರ ಪಂಥವಾದ ಸಿತ್‌ಗಳ ಭಾಷೆಯ ಬರಹ ಓದಿಸೋಕೆ ಅವನ ನೆನಪನ್ನೆಲ್ಲ ಅಳಿಸಬೇಕು. ಅದಕ್ಕೂ ಮುಂಚೆ ಗೆಳೆಯರನ್ನು ಕೊನೇ ಸಲ ನೋಡಿಕೊಳ್ತೀನಿ ಅಂತಾನೆ. 1977ರಿಂದ ಒಂಬತ್ತೂ ಕಂತಿನಲ್ಲಿ ಆ ಪಾತ್ರಕ್ಕೆ ಜೀವ ಕೊಟ್ಟ ಆಂಥನಿ ಡೇನಿಯಲ್ಸ್ ದನಿಯಲ್ಲಿ ಅದನ್ನು ಕೇಳಿದರೆ ಗಂಟಲು ಕಟ್ಟುತ್ತೆ. ಮುಂದೇನಾಯ್ತು? ಅವನ ಜೊತೆಗಾರ ರೋಬಾಟ್ ಆರ್‌ಟು ಹತ್ತಿರ ಬ್ಯಾಕಪ್ ಇತ್ತು!

ಕೋಪ ನೆತ್ತಿಗೇರಿದ್ದು ರೋಸ್ ವಿಷಯದಲ್ಲಿ. ರಿಯಾನ್ ಜಾನ್ಸನ್‌ರ ಹಿಂದಿನ ಕಂತಿನಲ್ಲಿ ಮುಖ್ಯ ಪಾತ್ರವಾಗಿದ್ದವಳು ಇಲ್ಲಿ ಮೂಲೆಗೆ. ಆ ನಟಿ ಕೆಲ್ಲಿ ಮೇರಿ ಟ್ರಾನ್‌ಗೆ ಆನ್‌ಲೈನ್‌ನಲ್ಲಿ ಬಾಯಿಗೆ ಬಂದಂತೆ ಬೈದು ಕಾಟ ಕೊಟ್ಟವರಿಗೆ ಇದಕ್ಕಿಂತ ಖುಷಿ ಇನ್ನೇನು ಬೇಕು?

ನಿರ್ದೇಶಕ ಅಬ್ರಾಮ್ಸ್‌ಗೆ ಸಿಕ್ಕಿದ್ದೂ ಕಷ್ಟದ ಕೆಲಸವೇ. ನಿರ್ದೇಶನಕ್ಕೆ ಮೊದಲು ಒಪ್ಪಿಕೊಂಡಿದ್ದ ಟ್ರೆವೊರೋ 2017ರಲ್ಲಿ ಹೊರನಡೆದರು. ಲೇಯಾ ಪಾತ್ರದ ಕ್ಯಾರಿ ಫಿಶರ್ 2016ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. ಹಿಂದೆ ಬಳಸದೆ ಉಳಿದ ತುಣುಕುಗಳನ್ನು ಜೋಡಿಸಿ ಆ ಪಾತ್ರವನ್ನು ಇಲ್ಲಿ ನಿಲ್ಲಿಸಿದ್ದಾರೆ. ಯಾರೋ ಏನೋ ಕೇಳಿದರೆ ಅವಳು ಇನ್ನೇನೋ ಉತ್ತರ ಕೊಟ್ಟಂತೆ ಕಾಣುತ್ತೆ, ನಿಜ. ಆದರೆ ಅವಳ ಸಾವಿನ ಸುದ್ದಿ ಕೇಳಿ ಚೂಯಿ ನೆಲಕ್ಕೆ ಕುಸಿದು ಗೋಳಾಡೋವಾಗ ಆ ಲೆಕ್ಕವೆಲ್ಲ ಮರೆತುಹೋಗುತ್ತೆ. ಆ ಒಂದು ಸಾವನ್ನು ಯಾರೂ ವಾಪಸ್ ತಗೊಳ್ಳೋಕಾಗಲಿಲ್ಲ ನೋಡಿ.

ಇನ್ನು ಕೈಲೋ ರೆನ್ ಆಗಿರೋ ಆಡಮ್ ಡ್ರೈವರ್. ಕೈಲೋನ ನಿಜ ಹೆಸರು ಬೆನ್, ಹ್ಯಾನ್ ಮತ್ತು ಲೇಯಾರ ಮಗ. ಒಡೆದು ಬಿದ್ದ ಡೆತ್ ಸ್ಟಾರ್ ಎಂಬ ಹಳೇ ಯುದ್ಧ ನೆಲೆಯ ಮೇಲೆ, ಸುತ್ತ ಅಲೆಗಳ ಅಬ್ಬರದ ನಡುವೆ ತಾನೇ ಕೊಂದ ಅಪ್ಪ ಎದುರಿಗೆ ನಿಂತಿದ್ದಾನೆ. ದೆವ್ವವಲ್ಲ, ಬರೀ ನೆನಪು. "ಅಪ್ಪಾ..." ಅಂತ ತಡವರಿಸ್ತಾನೆ. "ಗೊತ್ತು" ಅಂತಾನೆ ಹ್ಯಾನ್. 1980ರ ಕಂತಿನಲ್ಲಿ ಲೇಯಾ 'ಪ್ರೀತಿಸ್ತೀನಿ' ಅಂದಾಗ ಹೇಳಿದ್ದೂ ಅದೇ ಮಾತು. ಅಲ್ಲಿಂದ ಮುಂದೆ ಬೆನ್‌ಗೆ ಮಾತೇ ಇಲ್ಲ ಅನ್ನಬಹುದು. ಪಾಲ್ಪಟೀನ್ ಅಡಗಿರೋ ಎಕ್ಸೆಗಾಲ್ ಗ್ರಹದಲ್ಲಿ ಕತ್ತಿ ಕೈಗೆ ಬಂದಾಗ ಶತ್ರುಗಳ ಮುಂದೆ ಭುಜ ಹಾರಿಸ್ತಾನಲ್ಲ, ಥೇಟ್ ಅವರಪ್ಪ! ಆ ಒಂದು ಭುಜ ಹಾರಿಸಿದ್ದರಲ್ಲಿ ಇರೋ ಬರವಣಿಗೆ 142 ನಿಮಿಷದ ಸಿನಿಮಾದ ಉಳಿದ ಭಾಗದಲ್ಲೂ ಇದ್ದಿದ್ದರೆ! ಜಾನ್ ವಿಲಿಯಮ್ಸ್ ಸಂಗೀತದ ಬಗ್ಗೆ ನಾನೇನು ಹೇಳಲಿ, ಒಂಬತ್ತೂ ಕಂತು ಅವರದೇ.

ಕೊನೆಗೆ ಸ್ಕೈವಾಕರ್ ಮನೆಯಿದ್ದ ಟಾಟೂಯಿನ್ ಗ್ರಹದಲ್ಲಿ ಯಾರೋ ಹೆಸರು ಕೇಳಿದಾಗ ರೇ "ಸ್ಕೈವಾಕರ್" ಅಂತಾಳೆ. ಇವಳು ಯಾರ ಮಗಳೂ ಅಲ್ಲ, ಕುಡಿತದ ದುಡ್ಡಿಗೆ ಅಪ್ಪ ಅಮ್ಮ ಮಾರಿದ ಹುಡುಗಿ ಅಂತ ಹಿಂದಿನ ಕಂತು ಹೇಳಿತ್ತು. ಆ ಹುಡುಗಿ ಈ ಹೆಸರನ್ನು ತಾನಾಗಿ ಎತ್ತಿಕೊಂಡಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೀತಿದ್ದೆ. ಇಲ್ಲಿ ಅವಳನ್ನು ಪಾಲ್ಪಟೀನ್ ಮೊಮ್ಮಗಳು ಮಾಡಿಟ್ಟಿದ್ದಾರೆ. ಒಂದು ದೊಡ್ಡ ಮನೆತನದಿಂದ ಇನ್ನೊಂದು ದೊಡ್ಡ ಮನೆತನಕ್ಕೆ ಹೋದಳು, ಅಷ್ಟೇ.